ಎಮ್ಮೆ ಸಾಲದಲ್ಲಿ ಉಳಿಸಿ ಬಂದ ನೂರಾ ಒಂದು ರೂಪಾಯಿ

ನಮ್ಮೂರಿನ ಗಿರಣಿ ಮಾರಾಟಕ್ಕಿದೆ ಎಂಬ ಸುದ್ದಿ ನನಗೆ ಸಿಕ್ಕಿದ್ದು ಅದೇ ಗಿರಣಿಯ ಪಾಳಿಯಲ್ಲಿ ನಿಂತಾಗ. ದೀಪಾವಳಿ ಮುಗಿದ ಮರುವಾರ. ನನ್ನ ಜೋಳದ ಡಬ್ಬಿ ನಾಲ್ಕನೆಯದು. ಗಿರಣಿ ನಡೆಸುವವರನ್ನು ಇಡೀ ಊರು ಕಾಕಾ ಎಂದೇ ಕರೆಯುತ್ತದೆ. ಅವರಿಗಿಂತ ಎರಡು ವರ್ಷ ದೊಡ್ಡವಳಾದ ನಾನೂ ಹಾಗೇ ಕರೆಯುತ್ತೇನೆ.

"ಯುಗಾದಿ ಮಾಡಿ ಮಗಳ ಕಡೆ ಹೊಂಟೇನ್ರಿ ಅಕ್ಕಾರ," ಎಂದರು ಕಾಕಾ, ಹಿಟ್ಟು ಕೊಡವುತ್ತ. "ಯಮನೂರಾಗ ದರ್ಗಾದ ಬಾಜುಕ ಆಕಿ ಮನಿ. ಗಿರಣಿ ಕೊಟ್ಟ ಬಿಡತೇನಿ."

"ಯಾರಿಗೆ?"

"ಹುಬ್ಬಳ್ಳಿ ಗುಜರಿಯಾಂವ ಬಂದಿದ್ದ. ಮೋಟಾರ್ ಬ್ಯಾರೆ ತೂಗತಾನಂತ, ಕಬ್ಬಣ ಬ್ಯಾರೆ ತೂಗತಾನಂತ."

ಆ ಗಿರಣಿ ಹೋದರೆ ಹಿಟ್ಟಿಗೆ ನಾವು ಗುಡಗೇರಿಗೇ ಹೋಗಬೇಕು. ಸಂತೆಯ ದಿನ ಅಲ್ಲಿ ಗದ್ದಲ. ಗಡಿಬಿಡಿಯಲ್ಲಿ ಬೀಸಿದ ಹಿಟ್ಟು ಬಿಸಿಯಾಗಿರುತ್ತದೆ, ಅದರಲ್ಲಿ ತಟ್ಟಿದ ರೊಟ್ಟಿ ಅಂಚಿನಲ್ಲಿ ಹರಿಯುತ್ತದೆ. ನಲವತ್ತು ವರ್ಷದಿಂದ ನಾನು ಕಾಕಾಗೆ ಬೀಸುವುದು ಹೇಗೆಂದು ಹೇಳಿಕೊಡುತ್ತಲೇ ಬಂದಿದ್ದೇನೆ. ಹೇಳುವುದಕ್ಕಿಂತ ನಾನೇ ಬೀಸುವುದು ಸುಲಭ ಎನ್ನಿಸಿತು. ನನ್ನ ಡಬ್ಬಿಯ ಪಾಳಿ ಬರುವಷ್ಟರಲ್ಲಿ ಗಿರಣಿ ಕೊಳ್ಳುವುದೆಂದು ಗಟ್ಟಿ ಮಾಡಿಬಿಟ್ಟಿದ್ದೆ.

"ನೀವಾ? ಈ ವಯಸ್ಸಿನ್ಯಾಗ?" ಕಾಕಾ ನಕ್ಕರು.

"ವಯಸ್ಸ ನಿಮಗ ಆಗೇತಿ, ಅದಕ್ಕ ಹೊಂಟೀರಿ. ನನಗಿನ್ನೂ ಆಗಿಲ್ಲ. ರೇಟ್ ಹೇಳ್ರಿ."

ಎರಡೂವರೆ ಲಕ್ಷ ಎಂದರು. ಹಾಲು ಮಾರಿ ಕೂಡಿಸಿದ ಒಂದು ಲಕ್ಷ ನನ್ನಲ್ಲಿತ್ತು. ಉಳಿದದ್ದಕ್ಕೆ ಬ್ಯಾಂಕು ಇದೆಯಲ್ಲ ಎಂದುಕೊಂಡೆ. ಯುಗಾದಿಯವರೆಗೆ ಕಾಯುತ್ತೇನೆ, ಆಮೇಲೆ ಗುಜರಿಯವನೇ ಗತಿ ಎಂದು ಕಾಕಾ ಮಾತು ಕೊಟ್ಟರು.

ನನ್ನ ಮಗ ಗುಡಗೇರಿಯ ಕಾಳು ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ರಾತ್ರಿ ಊಟಕ್ಕೆ ಕುಳಿತಾಗ ಅವನಿಗೆ ಹೇಳಿದೆ.

"ಸಾಲ ನನ್ನ ಹೆಸರಿಲೆ ತಗಸ್ತೇನಿ ಬಿಡವಾ," ಎಂದ. "ನಿನಗ್ಯಾಕ ಓಡ್ಯಾಟ."

"ಹಂಗಾದ್ರ ಗಿರಣಿ ಯಾರದು?"

"ಎಲ್ಲಾರದೂ."

"ಎಲ್ಲಾರದೂ ಅಂದ್ರ ನಿಂದು. ಬ್ಯಾಡ."

ಹೊಲ ಅವನಪ್ಪನ ಹೆಸರಿನಿಂದ ನೇರ ಅವನ ಹೆಸರಿಗೆ ಹೋಯಿತು. ಮನೆಯೂ ಹಾಗೆಯೇ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಅರವತ್ತೆಂಟು ವರ್ಷದಲ್ಲಿ ನನ್ನ ಸ್ವಂತ ಹೆಸರಿನಲ್ಲಿ ಇದ್ದದ್ದೆಂದರೆ ಒಂದು ಎಮ್ಮೆ ಮಾತ್ರ. ಯಜಮಾನರು ತೀರಿಕೊಂಡ ಮೇಲೆ ಬ್ಯಾಂಕಿನಲ್ಲಿ ಸಾಲ ಮಾಡಿ ತಂದ ಎಮ್ಮೆ. ಒಂದು ಗಿರಣಿಯಾದರೂ ನನ್ನದು ಎನ್ನುವಂತಿರಲಿ, ಕರೆಂಟಿನ ಬಿಲ್ಲು ನನ್ನ ಹೆಸರಿಗೆ ಬರಲಿ ಎಂಬ ಆಸೆ ಹುಟ್ಟಿಬಿಟ್ಟಿತ್ತು.

ಮರುದಿನವೇ ತಾಲ್ಲೂಕಿನ ಊರಿನ ದೊಡ್ಡ ಬ್ಯಾಂಕಿಗೆ ಹೋದೆ. ಅಲ್ಲಿಯ ಮ್ಯಾನೇಜರು ಮೈಸೂರು ಕಡೆಯ ಹುಡುಗಿ, ಸಣ್ಣ ದನಿಯವಳು. ಕಂಪ್ಯೂಟರ್ ನೋಡಿ ಮುಖ ಸಪ್ಪಗೆ ಮಾಡಿಕೊಂಡಳು.

"ಅಜ್ಜಿ, ನಿಮ್ಮ ಕ್ರೆಡಿಟ್ ಸ್ಕೋರು ಐನೂರ ಎಂಬತ್ತೆರಡು ಇದೆ."

"ಎಷ್ಟಕ್ಕವಾ?"

"ಒಂಬೈನೂರಕ್ಕೆ."

"ಪಾಸಾಗೇನಲ್ಲ ಹಂಗಾರ. ನಮ್ಮ ಸಾಲ್ಯಾಗ ನೂರಕ್ಕ ಮೂವತ್ತೈದು ಬಂದ್ರ ಪೇಢೆ ಹಂಚತಿದ್ರು."

ಪಾಪ, ನಗು ತಡೆದುಕೊಂಡಳು. "ಇಲ್ಲಿ ಏಳುನೂರಾದರೂ ದಾಟಬೇಕು ಅಜ್ಜಿ. ಎಲ್ಲೋ ಹಳೇ ಸಾಲದ ಬಾಕಿ ಇದೆ ಅಂತ ತೋರಿಸ್ತಿದೆ. ಅದು ಸರಿಯಾಗೋವರೆಗೂ ನಾನು ಅರ್ಜಿ ಮೇಲಕ್ಕೆ ಕಳಿಸೋಕಾಗಲ್ಲ."

ನಾನು ಯಾರಿಗೂ ಬಾಕಿ ಇಟ್ಟವಳಲ್ಲ ಎಂದೆ. ಎಮ್ಮೆ ಸಾಲದ ಮೂವತ್ತಾರು ಕಂತುಗಳಲ್ಲಿ ಒಂದನ್ನೂ ತಪ್ಪಿಸಿದವಳಲ್ಲ ಎಂದೂ ಹೇಳಿದೆ. ಅವಳು ಕಂಪ್ಯೂಟರಿನ ಕಡೆ ಕೈ ತೋರಿಸಿದಳು.

ಮಗನಿಗೆ ಇದು ಸಿಕ್ಕಿದ್ದೇ ಸಾಕಾಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಒಬ್ಬ ಸ್ಕೋರು ಸರಿ ಮಾಡಿಕೊಡುತ್ತಾನೆ, ಐದು ಸಾವಿರ ತಗೊಳ್ಳುತ್ತಾನೆ ಎಂದು ಕರೆದುಕೊಂಡು ಹೋದ. ಒಂದು ಕಂಪ್ಯೂಟರು, ಎರಡು ಪ್ಲಾಸ್ಟಿಕ್ ಕುರ್ಚಿ, ಗೋಡೆಯ ಮೇಲೆ ಮುಗಿಲಿಗೆ ಏರುವ ಬಾಣದ ಚಿತ್ರ. ಆ ಮನುಷ್ಯ ನನ್ನ ಫೋನು ಕೇಳಿದ.

"ಯಾಕ್ರಿ?" ಎಂದೆ.

"ಒಂದು ನಂಬರ್ ಬರತೈತ್ರಿ ಅಜ್ಜಿ. ಅದನ್ನ ನಮಗ ಹೇಳ್ರಿ. ಉಳದದ್ದು ನಾವು ನೋಡ್ಕೋತೇವಿ. ನಮ್ಮ ಮಂದಿ ಒಳಗ ಅದಾರ."

"ಒಳಗ ಅಂದ್ರ ಎಲ್ಲಿ? ಜೇಲಿನ್ಯಾಗನ?"

ಮಗ ನನ್ನ ಸೆರಗು ಜಗ್ಗಿದ. ನಾನು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೆ. ಏನು ಮಾಡುತ್ತೇನೆಂದು ಹೇಳಲಾರದವನಿಗೆ ನಾನು ಐದು ಸಾವಿರ ಕೊಡುವವಳಲ್ಲ. ಸಂತೆಯಲ್ಲಿ ಬದನೆಕಾಯಿಯನ್ನೂ ನಾನು ಮುರಿದು ನೋಡಿಯೇ ತರುವವಳು.

ನಮ್ಮ ಮನೆಯಿಂದ ಮೂರನೆಯ ಮನೆಯಲ್ಲಿ ಅಕ್ಕೋರು ಇದ್ದಾರೆ. ಮೂವತ್ತು ವರ್ಷ ಮಾಸ್ತರಿಕೆ ಮಾಡಿ ನಿವೃತ್ತರಾದವರು, ನನ್ನ ವಾರಿಗೆಯವರು. ಹೋದ ಬೇಸಿಗೆಯಲ್ಲಿ ಅವರೇ ನನಗೆ ಫೋನಿನಲ್ಲಿ ಬರೆಯುವುದನ್ನು ಕಲಿಸಿದ್ದರು. ಈಗ ಬಲಗೈಯ ಒಂದೇ ಬೆರಳಿನಿಂದ ನಾನು ಏನು ಬೇಕಾದರೂ ಬರೆಯಬಲ್ಲೆ, ನಡುನಡುವೆ ಚಹಾ ಆದರೆ. ಕಟ್ಟೆಯ ಮೇಲೆ ಕುಳಿತು ಅವರಿಗೆ ನಡೆದದ್ದನ್ನೆಲ್ಲ ಹೇಳಿದೆ.

"ವರ್ಷಕ್ಕೊಮ್ಮೆ ಆ ಸ್ಕೋರಿನ ರಿಪೋರ್ಟ್ ಪುಕ್ಕಟೆ ಕೊಡ್ತಾರ," ಎಂದರು ಅಕ್ಕೋರು. "ಕೊಡಲಿಕ್ಕೇ ಬೇಕಂತ ಕಾಯಿದೆ ಅದ. ನಾ ಹೇಳ್ತೀನಿ, ನೀನ ಒತ್ತು. ನಾ ಒತ್ತೂದಿಲ್ಲ."

"ಒಂದ ನಾಕ ಅಕ್ಷರ ಒತ್ತಿದ್ರ ನಿಮ್ಮ ಬಟ್ಟ ಸವಿತಾವನ್ರಿ?"

"ನಿನ್ನ ಸ್ಕೋರು, ನಿನ್ನ ಬಟ್ಟು. ಒತ್ತು ಸುಮ್ನ."

ಒತ್ತಿದೆ. ಹೆಸರು, ಪ್ಯಾನ್ ನಂಬರು ಎಲ್ಲ ಹೋಯಿತು. ಹುಟ್ಟಿದ ದಿನದಲ್ಲಿ ಸಿಕ್ಕಿಕೊಂಡಿತು. ನಮ್ಮ ವಾರಿಗೆಯವರಿಗೆಲ್ಲ ಹುಟ್ಟಿದ ದಿನವನ್ನು ಕೊಟ್ಟವರು ಶಾಲೆಯ ಮಾಸ್ತರರು. ಅರ್ಧ ಊರು ಜೂನ್ ಒಂದರಂದೇ ಹುಟ್ಟಿದೆ. ಆಧಾರಿನಲ್ಲಿ ನಾನೂ ಜೂನ್ ಒಂದರವಳು. ಪ್ಯಾನ್ ಮಾಡಿಸಿದವನು ಏನು ತಿಳಿದನೋ, ನನ್ನನ್ನು ಜನವರಿ ಒಂದಕ್ಕೆ ಹುಟ್ಟಿಸಿದ್ದ. ಜನವರಿ ಹಾಕಿದ ಕೂಡಲೇ ಬಾಗಿಲು ತೆರೆಯಿತು. ಐದು ತಿಂಗಳು ಮುಪ್ಪಾದದ್ದಕ್ಕೆ ಅಷ್ಟಾದರೂ ಆಯಿತಲ್ಲ.

ರಿಪೋರ್ಟಿನಲ್ಲಿ ಎಮ್ಮೆ ಸಾಲಕ್ಕೆ ಒಂದು ಪುಟವಿತ್ತು. ತಿಂಗಳಿಗೊಂದು ಚೌಕ. ಮೊದಲ ಮೂವತ್ತೈದು ಚೌಕಗಳೂ ಹಸಿರು. ನೋಡಿ ನನ್ನ ಎದೆ ಉಬ್ಬಿತು. ಆಮೇಲೆ ಕೆಂಪು ಶುರುವಾಗಿ ಪುಟದ ಕೊನೆಯವರೆಗೂ ಕೆಂಪು.

"ಇದೇನ ಬೇ?" ಅಕ್ಕೋರು ಕನ್ನಡಕ ಏರಿಸಿದರು. "ಕಡೀ ಕಂತಿನ್ಯಾಗ ನೂರಾ ಒಂದು ರೂಪಾಯಿ ಕಟ್ಟೇ ಇಲ್ಲಲ್ಲ ನೀ."

"ಹೌದ್ರಿ. ಬೇಕಂತನ ಬಿಟ್ಟ ಬಂದೇನಿ."

ಅಕ್ಕೋರು ಫೋನನ್ನು ಬಿಟ್ಟು ನನ್ನನ್ನು ನೋಡತೊಡಗಿದರು.

ಅದರಲ್ಲಿ ನೋಡುವಂಥದ್ದೇನೂ ಇಲ್ಲ. ನಮ್ಮ ಮನೆಯಲ್ಲಿ ಕಾಳಿನ ಚೀಲ ಕೊಡವುವಾಗ ತಳದಲ್ಲಿ ಒಂದು ಹಿಡಿ ಬಿಡುತ್ತೇವೆ. ಯಾರದಾದರೂ ಪಾತ್ರೆ ತಿರುಗಿ ಕೊಡುವಾಗ ಬೆಲ್ಲವೋ ಶೇಂಗಾವೋ ಹಾಕಿ ಕೊಡುತ್ತೇವೆ. ಅತ್ತೆಯವರ ಕಾಲದಿಂದ ಬಟ್ಟೆ ತರುವ ಅಂಗಡಿಯಲ್ಲಿ ದೀಪಾವಳಿಗೆ ಉದ್ರಿ ತೀರಿಸುವಾಗ ಒಂದು ರೂಪಾಯಿ ಉಳಿಸಿ ಬರುತ್ತೇವೆ; ಅಂಗಡಿಯವರೂ ಅದನ್ನು ಕೇಳುವುದಿಲ್ಲ. ಪೂರ್ತಿ ತೀರಿಸಿದರೆ ಇನ್ನು ನಿಮ್ಮ ಬಾಗಿಲು ತುಳಿಯುವುದಿಲ್ಲ ಎಂದು ಹೇಳಿದಂತೆ. ಗಂಡ ಇಲ್ಲದ ಹೆಂಗಸಿಗೆ ನಂಬಿ ಎಮ್ಮೆ ಕೊಡಿಸಿದ ಬ್ಯಾಂಕಿನ ಹತ್ತಿರ ಹಾಗೆ ಮುಖ ಮುರಿದುಕೊಂಡು ಬರುವುದೇ? ಒಂದು ರೂಪಾಯಿ ಬ್ಯಾಂಕಿನ ಘನತೆಗೆ ಕಡಿಮೆಯಾದೀತೆಂದು ನೂರಾ ಒಂದು ಉಳಿಸಿದ್ದೆ. ಅಲ್ಲಿದ್ದ ಕ್ಯಾಶಿಯರು, "ಇನ್ನೂ ಉಳಿದೈತ್ರಿ ಅಮ್ಮಾ," ಎಂದಿದ್ದರು. "ಇರಲಿ ಬಿಡ್ರಿ," ಎಂದು ಕೈ ಮುಗಿದು ಬಂದಿದ್ದೆ.

"ಮತ್ತ ಅವರು ಪತ್ರ ಗಿತ್ರ ಹಾಕಲಿಲ್ಲೇನು?" ಎಂದರು ಅಕ್ಕೋರು.

"ಹಾಕ್ಯಾರಲ್ರಿ. ವರ್ಷಾ ಹಾಕತಾರ. ಮರತಿಲ್ಲ ಪಾಪ ನನ್ನ."

ದೇವರ ಜಗುಲಿಯ ಮೇಲೆ ವಿಭೂತಿ ಗಟ್ಟಿಯ ಪಕ್ಕದಲ್ಲಿ ಇಟ್ಟಿದ್ದ ನಾಲ್ಕು ಲಕೋಟೆಗಳನ್ನು ತಂದು ಕೊಟ್ಟೆ. ಎಲ್ಲ ಇಂಗ್ಲಿಷಿನಲ್ಲಿದ್ದವು. ಎಮ್ಮೆಯ ಬ್ಯಾಂಕು ನನ್ನನ್ನು ನೆನೆಸಿಕೊಂಡು ಬರೆದ ಶುಭಾಶಯ ಎಂದುಕೊಂಡು ನಾನು ಮಗನಿಗೂ ತೋರಿಸಿರಲಿಲ್ಲ. ನನಗೆ ಬಂದದ್ದು ನನ್ನದು. ಅಕ್ಕೋರು ಒಂದೊಂದಾಗಿ ಓದಿದರು. ನಾಲ್ಕನೆಯದನ್ನು ಓದುವಾಗ ಅವರ ಹೊಟ್ಟೆ ಕುಣಿಯುತ್ತಿತ್ತು.

"ಶುಭಾಶಯ ಅಲ್ಲ ಬೇ. ಕಟ್ಟದಿದ್ರ ಕೋರ್ಟಿಗೆ ಹಾಕ್ತೀವಿ ಅಂತ ಬರದಾರ. ಇದಕ್ಕ ದಿನಾ ಊದಿನಕಡ್ಡಿ ಬ್ಯಾರೆ ಬೆಳಗೀ."

ನನಗೂ ನಗು ಬಂತು. ಆದರೆ ರಾತ್ರಿ ಮಲಗಿದಾಗ ಆ ಕೆಂಪು ಚೌಕಗಳು ಕಣ್ಣ ಮುಂದೆ ಬಂದವು. ನಾನು ಮರ್ಯಾದೆ ಎಂದುಕೊಂಡು ಮಾಡಿದ್ದು ಅವರ ಪುಸ್ತಕದಲ್ಲಿ ಕಳ್ಳತನದ ಹಾಗೆ ಕಾಣುತ್ತಿತ್ತು. ಇದನ್ನು ಇನ್ನೊಬ್ಬರ ಕೈಯಿಂದ ಒರೆಸಿಸಿಕೊಳ್ಳುವುದು ಬೇಡ, ನಾನೇ ಒರೆಸಬೇಕು ಅನ್ನಿಸಿತು.

ಮಗನಿಗೆ ಸಂಗತಿ ಹೇಳಿದಾಗ ಅವನು ಹಣೆ ಬಡಿದುಕೊಂಡ. ಹಣಕಾಸು ಎಂದರೆ ಹೇಗಿರಬೇಕು ನೋಡು ಎಂದು ತನ್ನ ರಿಪೋರ್ಟನ್ನೂ ತೆಗೆದ. ಐನೂರ ಅರವತ್ತು. ಬೈಕಿನ ಕಂತು ಎರಡು ಸಲ, ಫೋನಿನ ಕಂತು ಮೂರು ಸಲ ತಡವಾಗಿತ್ತು. ಸೊಸೆ ಒಳಗಿನಿಂದ, "ಅತ್ತೀದಕ್ಕಿಂತ ಕಮ್ಮಿ ಐತೇನ್ರಿ?" ಎಂದಳು. ಅವನು ಆ ದಿನ ಎರಡನೆಯ ಸಲ ಅನ್ನ ಕೇಳಲಿಲ್ಲ.

ಎಮ್ಮೆಯ ಬ್ಯಾಂಕಿಗೆ ಬಸ್ಸಿನಲ್ಲಿ ಅರ್ಧ ತಾಸು. ಅಲ್ಲಿ ಈಗ ಎಲ್ಲ ಹೊಸ ಮುಖಗಳು. ಮೇಜಿನ ಹಿಂದಿದ್ದ ಆಫೀಸರು ಲೆಕ್ಕ ತೆಗೆದರು. ದಂಡ, ಬಡ್ಡಿ, ಪತ್ರ ಹಾಕಿದ ಖರ್ಚು ಎಲ್ಲ ಸೇರಿ ನೂರಾ ಒಂದು ರೂಪಾಯಿ ಎರಡು ಸಾವಿರ ಚಿಲ್ಲರೆಯಾಗಿ ಬೆಳೆದು ನಿಂತಿತ್ತು. ಎಮ್ಮೆ ಕೂಡ ಅಷ್ಟು ಬೇಗ ಮೈ ಕೈ ತುಂಬಿಕೊಂಡಿರಲಿಲ್ಲ.

"ಅಜ್ಜಿ, ನಿಮ್ಮ ವಯಸ್ಸ ನೋಡಿ ಸೂಟು ಬಿಡತೇವ್ರಿ," ಎಂದರು ಆಫೀಸರು. "ಐನೂರು ಕಟ್ರಿ. ಸೆಟಲ್ ಅಂತ ಬರದ ಮುಗಿಸಿಬಿಡೂಣು."

ಯಾರಾದರೂ ಸೂಟು ಬಿಡುತ್ತೇವೆ, ದುಡ್ಡು ಕಡಿಮೆ ಮಾಡುತ್ತೇವೆ ಎಂದರೆ ನನ್ನ ಕೈ ತಾನೇ ಮುಂದೆ ಹೋಗುತ್ತದೆ. ಆದರೆ ಅಕ್ಕೋರು ಹಿಂದಿನ ದಿನವೇ ಮಗ್ಗಿ ಹೇಳಿಸಿದಂತೆ ಹೇಳಿಸಿದ್ದರು: ಸೆಟಲ್ ಎಂದು ಬರೆದರೆ ಪೂರ್ತಿ ಕೊಡಲಾಗದೆ ಕೈ ಎತ್ತಿದವಳು ಎಂದು ಅರ್ಥ, ಅದು ಏಳು ವರ್ಷ ಬೆನ್ನು ಬಿಡುವುದಿಲ್ಲ, ಕ್ಲೋಸ್ ಎಂದೇ ಬರೆಸಬೇಕು.

"ಸೂಟು ಬ್ಯಾಡ್ರಿ," ಎಂದೆ. "ಪೂರಾ ತಗೋರಿ. ಕ್ಲೋಸ್ ಅಂತ ಬರೀರಿ. ಬೇಬಾಕಿ ಪತ್ರ ಶಿಕ್ಕಾ ಹೊಡದ ಕೊಡ್ರಿ."

"ಯಾರ ಹೇಳ್ಯಾರ್ರಿ ಅಜ್ಜಿ ನಿಮಗ ಇದನ್ನೆಲ್ಲಾ?"

"ಯಾರ ಹೇಳಬೇಕ್ರಿ. ನಾವೂ ಫೋನ್ ಇಟ್ಟೇವಿ."

ಕೊನೆಯ ನೋಟು ಕೌಂಟರಿನ ಆ ಕಡೆ ಹೋದಾಗ ಮನಸ್ಸಿಗೆ ಒಂದು ಥರ ಆಯಿತು. ಬಾಗಿಲ ಹತ್ತಿರ ಬಂದವಳು ತಿರುಗಿ ಹೋಗಿ, ಉಳಿತಾಯ ಖಾತೆ ಹಾಗೇ ಇರಲಿ, ನಂಟು ಬೇಡವೆಂದಲ್ಲ ಎಂದು ಆಫೀಸರಿಗೆ ಹೇಳಿ ಬಂದೆ. ಅವರು ತಲೆ ಅಲ್ಲಾಡಿಸಿದರು. ತಿಳಿಯಿತೋ ಇಲ್ಲವೋ ಗೊತ್ತಿಲ್ಲ.

ಬಾಕಿ ಕಟ್ಟಿದ ಮೇಲೆ ಸ್ಕೋರು ಹಾಲುಕ್ಕಿದಂತೆ ಏರುತ್ತದೆ ಎಂದುಕೊಂಡಿದ್ದೆ. ವಾರ ಕಳೆಯಿತು, ತಿಂಗಳು ಕಳೆಯಿತು, ಸಂಕ್ರಾಂತಿಯೂ ಹೋಯಿತು. ಐನೂರ ಎಂಬತ್ತೆರಡು ಅಲ್ಲೇ ಕುಳಿತಿತ್ತು. ಅಷ್ಟರಲ್ಲಿ ಒಂದು ದಿನ ಗಿರಣಿಯ ಮುಂದೆ ಟೆಂಪೋ ನಿಂತಿದೆ ಎಂದು ಸೊಸೆ ಓಡಿ ಬಂದು ಹೇಳಿದಳು. ಹೋಗಿ ನೋಡಿದರೆ ಗುಜರಿಯವನು ಟೇಪು ಹಿಡಿದು ಮೋಟಾರನ್ನು ಅಳೆಯುತ್ತಿದ್ದ. ಕಾಕಾ ನನ್ನ ಮುಖ ನೋಡಲಿಲ್ಲ.

"ಯುಗಾದಿ ತನಕಾ ಅಂದಿದ್ರಿ," ಎಂದೆ.

"ಅಂದೇನ್ರಿ ಅಕ್ಕಾರ. ಅಳತಿ ತಗೋಳಾಕ ಬಂದಾನ ಅಷ್ಟ. ಆದ್ರ ಮಗಳು ದಿನಾ ಫೋನ್ ಮಾಡತಾಳ. ಯುಗಾದಿ ಮುಂದ ಒಂದ ದಿನಾನೂ ನನ್ನ ಕೈಲೆ ಆಗೂದಿಲ್ಲ."

ಆ ಸಂಜೆ ಮಗ ಮತ್ತೆ ಬಸ್ ಸ್ಟ್ಯಾಂಡಿನವನ ಮಾತು ತೆಗೆದ. ನಾನು ಎದ್ದು ಅಕ್ಕೋರ ಮನೆಗೆ ಹೋದೆ. ಹೊಸ ವರ್ಷದ ಪುಕ್ಕಟೆ ರಿಪೋರ್ಟು ತೆಗೆದು ನೋಡಿದೆವು. ನಾನು ದುಡ್ಡು ಕಟ್ಟಿದ ಸುದ್ದಿಯನ್ನು ಎಮ್ಮೆಯ ಬ್ಯಾಂಕು ಸ್ಕೋರು ಲೆಕ್ಕ ಹಾಕುವ ಕಂಪನಿಗೆ ತಿಳಿಸಿಯೇ ಇರಲಿಲ್ಲ. ಕೆಂಪು ಚೌಕಗಳ ಸಾಲಿಗೆ ಇನ್ನೆರಡು ಸೇರಿದ್ದವು. ಅಂಥಾಗ ಆ ಕಂಪನಿಗೆ ತಕರಾರು ಅರ್ಜಿ ಹಾಕಬೇಕು, ಮೂವತ್ತು ದಿನದೊಳಗೆ ಅವರು ಉತ್ತರ ಕೊಡಬೇಕು. ಅಕ್ಕೋರು ಬೆರಳಿನ ಮೇಲೆ ಎಣಿಸಿದರು. ಯುಗಾದಿಗೆ ನಲವತ್ತೊಂದು ದಿನ ಉಳಿದಿತ್ತು.

ಬೇಬಾಕಿ ಪತ್ರದ ಫೋಟೋ ಕಳಿಸಬೇಕಿತ್ತು. ಪತ್ರವನ್ನು ನೆಲದ ಮೇಲಿಟ್ಟು ತೆಗೆದ ಮೊದಲ ಫೋಟೋದಲ್ಲಿ ನನ್ನ ಕಾಲಿನ ಹೆಬ್ಬೆರಳು ಬಂದಿತ್ತು. ಎರಡನೆಯದರಲ್ಲಿ ಶಿಕ್ಕಾದ ಮೇಲೆ ನನ್ನ ತಲೆಯ ನೆರಳು. ಮೂರನೆಯದು ಚೆನ್ನಾಗಿ ಬಂತು, ಆದರೆ ತೂಕ ಹೆಚ್ಚಾಯಿತು ಎಂದು ಫೋನು ತಿರುಗಿ ಕಳಿಸಿತು.

"ಹಾಳಿ ಫೋಟೋಕ್ಕ ಏನ ತೂಕರಿ ಅಕ್ಕೋರ?"

"ಅದು ಹಂಗ. ಸಣ್ಣದು ಮಾಡಿ ಕಳಸು."

"ಮತ್ತ ನೀವು ಮಾಡ್ರಿ ಒಂದೀಟ."

"ನಾ ಮಾಡೂದಿಲ್ಲ. ನಾಳೆ ನಾ ಸತ್ತರ ಯಾರ ಮಾಡ್ತಾರ?"

"ನೀವು ಸಾಯೂದಿಲ್ಲ ಬಿಡ್ರಿ. ಯಮಗ ಮಗ್ಗಿ ಕೇಳತೀರಂತ ಅಂವಾ ನಿಮ್ಮ ಓಣಿಗೇ ಬರೂದಿಲ್ಲ."

ನಾನೇ ಮಾಡಿದೆ. ಜೊತೆಗೆ ಎಮ್ಮೆಯ ಬ್ಯಾಂಕಿಗೂ ಒಂದು ಇಮೇಲು ಬರೆದೆ, ಕನ್ನಡದಲ್ಲೇ. ನಿಮ್ಮ ಪಾವತಿ ನನ್ನಲ್ಲಿದೆ, ನಿಮ್ಮ ಶಿಕ್ಕಾ ಅದರ ಮೇಲಿದೆ, ನಾನು ಕಟ್ಟಿದ್ದನ್ನು ಮೇಲೆ ತಿಳಿಸಿದ್ದೀರೋ ಇಲ್ಲವೋ ಬರೆದು ಹೇಳಿ, ಇಲ್ಲವಾದರೆ ಬುತ್ತಿ ಕಟ್ಟಿಕೊಂಡು ಬಂದು ನಿಮ್ಮ ಬಾಗಿಲಲ್ಲೇ ಕೂಡುತ್ತೇನೆ ಎಂದು. ಬುತ್ತಿಯ ಸಾಲು ತೆಗೆ ಎಂದು ಅಕ್ಕೋರು ಹೇಳಿದರು. ನಾನು ತೆಗೆಯಲಿಲ್ಲ. ಇಷ್ಟು ಬರೆಯಲು ಮಧ್ಯಾಹ್ನದಿಂದ ದೀಪ ಹಚ್ಚುವ ಹೊತ್ತಾಯಿತು.

ಆಮೇಲೆ ಕಾಯುವುದು. ದಿನಕ್ಕೆ ನಾಲ್ಕು ಸಲ ಫೋನು ನೋಡುತ್ತಿದ್ದೆ. ಮೆಣಸಿನಕಾಯಿ ತೊಟ್ಟು ಮುರಿಯುವಾಗ ನೋಡಿ, ಅದೇ ಕೈಯಿಂದ ಕಣ್ಣು ಉಜ್ಜಿಕೊಂಡು ಒಂದು ದಿನವೆಲ್ಲ ಅತ್ತೆ. ಮಗ ಅದನ್ನು ನೋಡಿ ದುಃಖಕ್ಕೆ ಎಂದುಕೊಂಡು, ಬಿಡವಾ ಗಿರಣಿ ಹೋದರೆ ಹೋಗಲಿ ಎಂದು ಸಮಾಧಾನ ಹೇಳಿದ. ನಾನೂ ಮೆಣಸಿನಕಾಯಿಯ ಮಾತು ಎತ್ತಲಿಲ್ಲ. ಅವನು ಅಷ್ಟು ಮೆತ್ತಗೆ ಮಾತಾಡಿ ಬಹಳ ದಿನವಾಗಿತ್ತು.

ಇಪ್ಪತ್ತೇಳನೆಯ ದಿನ ಮೆಸೇಜು ಬಂತು. ತಿದ್ದಲಾಗಿದೆ ಎಂದಿತ್ತು. ಜೊತೆಗೇ ಬಂದ ರಿಪೋರ್ಟು ತೆಗೆದೆ. ಎಮ್ಮೆ ಸಾಲ, ಕ್ಲೋಸ್. ಬಾಕಿ, ಸೊನ್ನೆ. ಹಳೆಯ ಕೆಂಪು ಚೌಕಗಳು ಹೋಗಿರಲಿಲ್ಲ. ಆಗಿಹೋದದ್ದನ್ನು ಅವರು ಅಳಿಸುವುದಿಲ್ಲವಂತೆ. ಆದರೂ ಸ್ಕೋರು ಆರುನೂರ ಎಪ್ಪತ್ನಾಲ್ಕಕ್ಕೆ ಬಂದಿತ್ತು. ಏಳುನೂರಕ್ಕೆ ಇಪ್ಪತ್ತಾರು ಕಡಿಮೆ.

ಯುಗಾದಿಗೆ ಎರಡು ವಾರ. ದೊಡ್ಡ ಬ್ಯಾಂಕಿನ ಮ್ಯಾನೇಜರ್ ಹುಡುಗಿಯ ಮುಂದೆ ರಿಪೋರ್ಟು, ಬೇಬಾಕಿ ಪತ್ರ, ಆ ನಾಲ್ಕು ಲಕೋಟೆ, ಎಲ್ಲವನ್ನೂ ಹರಡಿದೆ. ಲಕೋಟೆಗಳ ಮೇಲೆ ವಿಭೂತಿ ಇದ್ದದ್ದು ನೋಡಿ ಏನೆಂದು ಕೇಳಿದಳು. ಹೇಳಿದೆ. ನೂರಾ ಒಂದರ ಕಥೆಯನ್ನೂ ಹೇಳಿದೆ. ಈ ಸಲ ನಗು ತಡೆದುಕೊಳ್ಳಲು ಅವಳ ಕೈಲಾಗಲಿಲ್ಲ. ಪಕ್ಕದ ಮೇಜಿನವರೂ ಎದ್ದು ಬಂದರು.

ನಕ್ಕು ಮುಗಿದ ಮೇಲೆ ಅವಳು ಹಸಿರು ಚೌಕಗಳನ್ನು ಬೆರಳಿಟ್ಟು ಎಣಿಸಿದಳು. "ಮೂವತ್ತೈದು ಕಂತು ಒಂದು ದಿನವೂ ತಪ್ಪಿಲ್ಲ ಅಜ್ಜಿ."

"ಮೂವತ್ತಾರನೇದೂ ತಪ್ಪಿಲ್ಲವಾ. ಅದಕ್ಕ ಸ್ವಲ್ಪ ಮರ್ಯಾದಿ ಹೆಚ್ಚಾತು ಅಷ್ಟ."

"ನನ್ನ ಕೈಯಲ್ಲಿ ಏಳುನೂರಕ್ಕಿಂತ ಕಮ್ಮಿ ಮಂಜೂರು ಮಾಡೋಕಾಗಲ್ಲ. ಮೇಲಿನವರಿಗೆ ಬರೀತೀನಿ. ಬಾಕಿ ಯಾಕಾಯ್ತು ಅಂತ ನೀವೇ ಒಂದು ಪತ್ರ ಬರೆದುಕೊಡಿ."

ಅಲ್ಲೇ ಕುರ್ಚಿಯ ಮೇಲೆ ಕುಳಿತು ಫೋನಿನಲ್ಲಿ ಬರೆದು ಅವಳಿಗೆ ಕಳಿಸಿದೆ. ಚೀಲದ ತಳದ ಹಿಡಿ ಕಾಳಿನಿಂದ ಹಿಡಿದು ಎಲ್ಲ. ಮೇಲಿನವರು ಅದನ್ನು ಓದಿ ಏನೆಂದರೋ ನನಗೆ ಗೊತ್ತಿಲ್ಲ. ಯುಗಾದಿಗೆ ನಾಲ್ಕು ದಿನವಿರುವಾಗ ಅವಳ ಫೋನು ಬಂತು. ಕೇಳಿದ ಒಂದೂವರೆ ಲಕ್ಷದಲ್ಲಿ ಒಂದೂಕಾಲು ಕೊಟ್ಟಿದ್ದರು. ಉಳಿದ ಇಪ್ಪತ್ತೈದು ಸಾವಿರಕ್ಕೆ ನಾನು ಎಮ್ಮೆಯ ಕರುವನ್ನು ಮಾರಿದೆ. ಮಗ ತಾನು ಕೊಡುತ್ತೇನೆಂದ. ಬೇಡ, ನೀನು ಮೊದಲು ಬೈಕಿನ ಕಂತು ಕಟ್ಟು ಎಂದೆ.

ಯುಗಾದಿಯ ಮುನ್ನಾದಿನ ಕಾಕಾ ಕೀಲಿಕೈ ಕೊಟ್ಟರು. ಒಂದು ದಿನವೂ ಆಗುವುದಿಲ್ಲ ಎಂದಿದ್ದವರೇ ಯಮನೂರಿಗೆ ಹೊರಡುವ ಮೊದಲು ಮೂರು ದಿನ ಉಳಿದು, ಬೆಲ್ಟು ಹಾಕುವುದು, ಸವೆದ ಕಲ್ಲಿಗೆ ಉಳಿಯಿಂದ ಕಚ್ಚು ಹಾಕುವುದು ಎಲ್ಲ ತೋರಿಸಿಕೊಟ್ಟರು. ನಲವತ್ತು ವರ್ಷ ನಾನು ಅವರಿಗೆ ಹೇಳಿದ್ದನ್ನೆಲ್ಲ ಆ ಮೂರು ದಿನದಲ್ಲಿ ಅವರು ನನಗೆ ತಿರುಗಿ ಹೇಳಿದರು. ನಾನು ಬಾಯಿ ಮುಚ್ಚಿಕೊಂಡು ಕೇಳಿದೆ.

ಹದಿನೈದು ದಿನದ ಮೇಲೆ ಮ್ಯಾನೇಜರ್ ಹುಡುಗಿ ಸ್ಕೂಟಿಯಲ್ಲಿ ಬಂದಳು. ಸಾಲದ ದುಡ್ಡು ಹೇಳಿದ ಕೆಲಸಕ್ಕೇ ಹೋಗಿದೆಯೋ ನೋಡಿ, ಗಿರಣಿಯ ಜೊತೆ ನನ್ನ ಫೋಟೋ ತೆಗೆದು ಫೈಲಿಗೆ ಹಾಕಬೇಕಂತೆ. ಅವಳ ಕರಿ ಪ್ಯಾಂಟು ಎರಡು ನಿಮಿಷದಲ್ಲಿ ಬಿಳಿಯಾಯಿತು. ಮಗ ಬಾಗಿಲಲ್ಲಿ ನಿಂತಿದ್ದವನು ತಲೆ ಬಾಚಿಕೊಂಡು ನನ್ನ ಪಕ್ಕಕ್ಕೆ ಬಂದ.

"ಸರ್, ನೀವು ಸ್ವಲ್ಪ ಆಚೆ ಹೋಗಿ," ಎಂದಳು ಹುಡುಗಿ. "ಮಾಲೀಕರು ಒಬ್ಬರೇ ಇರಬೇಕು."

ಅವನು ಸರಿದ. ನಾನು ಮೋಟಾರಿನ ಮೇಲೆ ಕೈ ಇಟ್ಟು ನಿಂತೆ. ಅದು ಬೆಚ್ಚಗೆ ನಡುಗುತ್ತಿತ್ತು. ಫೋಟೋ ತೆಗೆದು ನೋಡಿದವಳು, "ಕಣ್ಣು ಮುಚ್ಚಿದ್ದೀರಾ ಅಜ್ಜಿ, ಇನ್ನೊಂದು ತೆಗೀಲಾ?" ಎಂದಳು.

"ಬ್ಯಾಡವಾ," ಎಂದೆ. "ಏಳು ಡಬ್ಬಿ ಪಾಳಿ ಐತಿ."